ಚಳಿ ಬಂತು, ಯಾವ ಗುಡ್ಡ ಹತ್ತೋಣ?

ದೀಪಾವಳಿ ಮುಗಿದು ಹಿಂಗಾರಿ ಜೋಳ ಮೊಣಕಾಲೆತ್ತರಕ್ಕೆ ಬರುವ ಹೊತ್ತಿಗೆ ಕೃಷ್ಣೆ, ತುಂಗಭದ್ರೆಯ ನಡುವಿನ ಎಡೆದೊರೆ ನಾಡಿನ ಬಂಡೆಗಳು ತಣ್ಣಗಾಗಲು ಶುರುವಾಗುತ್ತವೆ. ಅಲ್ಲಿಂದ ಹೆಚ್ಚುಕಡಿಮೆ ಶಿವರಾತ್ರಿಯವರೆಗೆ ನಮಗೆ ಗುಡ್ಡ ಹತ್ತುವ ಕಾಲ. ಆಮೇಲೆ ರಾಯಚೂರು ಜಿಲ್ಲೆಯ ಬಿಸಿಲು ಹೇಗಿರುತ್ತದೆಂದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಬೆಳಿಗ್ಗೆ ಹತ್ತರ ಹೊತ್ತಿಗೆ ಬಂಡೆಯ ಮೇಲೆ ಅಂಗೈ ಊರಲು ಆಗುವುದಿಲ್ಲ. ಇರುವುದು ಮೂರು, ಮೂರೂವರೆ ತಿಂಗಳು. ಅದರಲ್ಲಿ ರಜೆ ಸಿಗುವ ಭಾನುವಾರಗಳು ಎಷ್ಟಾದಾವು? ಅವನ್ನು ಎಲ್ಲಿ ಕಳೆಯಬೇಕೆಂದು ಈಗಲೇ ಯೋಚಿಸಿಡುವುದು ಒಳ್ಳೆಯದು.

ಹಿಮ ಬೀಳುವ ನಾಡುಗಳಲ್ಲಿ ಸ್ಕೀಯಿಂಗ್ ಮಾಡುವವರು ಚಳಿಗಾಲಕ್ಕೆ ಮುಂಚೆಯೇ ಈ ಲೆಕ್ಕ ಹಾಕುತ್ತಾರೆ. ಯಾವ ಬೆಟ್ಟದಲ್ಲಿ ಹಿಮ ಬೇಗ ಬೀಳುತ್ತದೆ, ಎಲ್ಲಿ ಹೆಚ್ಚು ದಿನ ನಿಲ್ಲುತ್ತದೆ, ಯಾವ ವಾರ ಜನ ಕಡಿಮೆ ಎಂದು ನೋಡಿ ಊರು ಗೊತ್ತುಮಾಡುತ್ತಾರೆ. ನಮ್ಮಲ್ಲಿ ಹಿಮವಿಲ್ಲ, ಆದರೆ ನೋಡಬೇಕಾದ ಸಂಗತಿಗಳಿಗೆ ಕೊರತೆಯಿಲ್ಲ. ಬಂಡೆ ಒಣಗಿದೆಯೇ, ಹೊಳೆಯಲ್ಲಿ ನೀರು ಎಷ್ಟಿದೆ, ಆ ವಾರ ಜಾತ್ರೆ ಇದೆಯೇ: ಈ ಮೂರು ಪ್ರಶ್ನೆಗೆ ಉತ್ತರ ಸಿಕ್ಕರೆ ಗುಡ್ಡ ತಾನಾಗಿ ಗೊತ್ತಾಗುತ್ತದೆ. ಮೊಬೈಲಿನಲ್ಲಿ ಚೆಂದದ ಚಿತ್ರ ನೋಡಿ ಹೊರಟರೆ ಈ ಮೂರರಲ್ಲಿ ಒಂದಾದರೂ ಕೈಕೊಡುತ್ತದೆ. ಮುದಗಲ್ಲನ್ನು ಬಿಡಾರವಾಗಿ ಇಟ್ಟುಕೊಂಡು, ಬೆಳಿಗ್ಗೆ ಹೊರಟು ಸಂಜೆಗೆ ಮರಳಬಹುದಾದ ಗುಡ್ಡಗಳಿಂದ ಶುರುಮಾಡಿ, ಒಂದು ರಾತ್ರಿ ತಂಗಿ ನೋಡಬೇಕಾದವುಗಳವರೆಗೆ ಇಲ್ಲಿ ಹೇಳಿದ್ದೇನೆ. ಹತ್ತಿರದವುಗಳ ಬಗ್ಗೆ ಹೆಚ್ಚು ಬರೆದಿರುವುದು ಬೇಕೆಂದೇ. ಹಂಪಿಯ ಬಗ್ಗೆ ಹೇಳುವವರು ಬಹಳ. ಪಿಕ್ಲಿಹಾಳದ ಹೆಸರು ಲಿಂಗಸುಗೂರಿನ ಎಷ್ಟೋ ಹುಡುಗರಿಗೂ ಗೊತ್ತಿಲ್ಲ.

ಮೊದಲು ಕಲ್ಲಿನ ಮಾತು

ನಮ್ಮ ಸೀಮೆಯ ಗುಡ್ಡಗಳು ಎತ್ತರದಲ್ಲಿ ದೊಡ್ಡವಲ್ಲ, ವಯಸ್ಸಿನಲ್ಲಿ ದೊಡ್ಡವು. ರಾಮನಗರದ ಬೆಟ್ಟಗಳಲ್ಲಿ ಕಾಣುವ ಕ್ಲೋಸ್‌ಪೇಟ್ ಗ್ರಾನೈಟ್ ಎಂಬ ಕಲ್ಲಿನ ಪಟ್ಟಿ ಉತ್ತರಕ್ಕೆ ಸುಮಾರು 400 ಕಿ.ಮೀ. ಹಾಯ್ದು ಕುಷ್ಟಗಿ, ಹುನಗುಂದದ ಕಡೆಯವರೆಗೆ ಬರುತ್ತದೆ. ಅದಕ್ಕೆ 250 ಕೋಟಿ ವರ್ಷವಾಗಿದೆ ಎನ್ನುತ್ತಾರೆ ಭೂವಿಜ್ಞಾನಿಗಳು. ಹಿಮಾಲಯದ ವಯಸ್ಸು ಇದರ ಮುಂದೆ ಲೆಕ್ಕಕ್ಕೇ ಇಲ್ಲ, ಐದಾರು ಕೋಟಿ ವರ್ಷ ಅಷ್ಟೆ. ಹಟ್ಟಿಯಿಂದ ಮಸ್ಕಿಯ ಕಡೆಗೆ ಹಾಯುವ ಕಪ್ಪುಕಲ್ಲಿನ ಪಟ್ಟಿಯೇ ಬೇರೆ. ಹಟ್ಟಿಯ ಚಿನ್ನ ಸಿಗುವುದು ಅದರಲ್ಲಿ.

ಹತ್ತುವವರು ತಿಳಿಯಬೇಕಾದದ್ದು ಇಷ್ಟು. ಗ್ರಾನೈಟ್ ಬಂಡೆ ಹಗಲಿನ ಕಾವಿಗೆ ಹಿಗ್ಗಿ, ರಾತ್ರಿಯ ತಂಪಿಗೆ ಕುಗ್ಗಿ, ಮಳೆ ನೀರು ಸಂದಿಗಿಳಿದು, ಪದರಪದರವಾಗಿ ಸುಲಿಯುತ್ತದೆ. ಹಾಗೆ ಸುಲಿದ ಹಪ್ಪಳದಂಥ ಪದರ ನೋಡಲು ಗಟ್ಟಿಯಾಗಿ ಕಂಡರೂ ಅಡಿಯಲ್ಲಿ ಪೊಳ್ಳಾಗಿರುತ್ತದೆ. ಅದನ್ನು ಹಿಡಿದು ಜೋತುಬೀಳುವ ಮೊದಲು ಬೆರಳ ಗೆಣ್ಣಿನಿಂದ ತಟ್ಟಿ ನೋಡಿ. ಡೊಳ್ಳಿನಂತೆ ಸದ್ದು ಬಂದರೆ ಕೈ ಹಾಕಬೇಡಿ. ಎರಡನೆಯದು ಪಾಚಿ. ಮಳೆಗಾಲದಲ್ಲಿ ನೀರು ಜಿನುಗಿದ ಕಡೆ ಒಣಗಿ ಕರಿಬಣ್ಣಕ್ಕೆ ತಿರುಗಿರುತ್ತದೆ. ನವೆಂಬರಿನ ಇಬ್ಬನಿ ಬಿದ್ದ ಬೆಳಗಿನಲ್ಲಿ ಆ ಕರಿಪಟ್ಟಿ ಮತ್ತೆ ಜಾರುತ್ತದೆ. ಇಬ್ಬನಿ ಆರಲಿ ಎಂದು ಅರ್ಧ ತಾಸು ಕಾಯುವುದರಲ್ಲಿ ಕಳೆದುಕೊಳ್ಳುವುದೇನೂ ಇಲ್ಲ. ಹತ್ತುವುದಕ್ಕಿಂತ ಇಳಿಯುವುದು ಕಷ್ಟ ಎನ್ನುವುದೂ ನೆನಪಿರಲಿ. ಮೇಲೇರಿದ ದಾರಿಯಲ್ಲೇ ಇಳಿಯಲು ಆದೀತೇ ಎಂದು ಹತ್ತುವಾಗಲೇ ಹಿಂತಿರುಗಿ ನೋಡುತ್ತಿರಬೇಕು.

ಮುದಗಲ್ಲಿನ ಕೋಟೆಯಿಂದ ಶುರು

ವರ್ಷವೆಲ್ಲ ಕುರ್ಚಿಯ ಮೇಲೆ ಕುಳಿತ ಕಾಲುಗಳಿಗೆ ಮುದಗಲ್ ಕೋಟೆ ಹೇಳಿಮಾಡಿಸಿದ ಮೊದಲ ವಾರ. ಹೊರಕೋಟೆ ಬಯಲಿನಲ್ಲಿದೆ, ಸುತ್ತ ಅಗಲವಾದ ಕಂದಕ. ಒಳಕೋಟೆ ಗುಡ್ಡ ಹತ್ತುತ್ತದೆ. ಕೃಷ್ಣೆ ಮತ್ತು ತುಂಗಭದ್ರೆಯ ನಡುವಿನ ಈ ನೆಲಕ್ಕಾಗಿ ವಿಜಯನಗರದವರೂ ಬಹಮನಿಗಳೂ, ಅವರ ಬಳಿಕ ಬಿಜಾಪುರದ ಆದಿಲ್‌ಶಾಹಿಗಳೂ ತಲೆಮಾರುಗಳ ಕಾಲ ಬಡಿದಾಡಿದರು. ಆ ಎಲ್ಲ ಜಗಳದಲ್ಲಿ ರಾಯಚೂರಿನ ಜೊತೆ ಮುದಗಲ್ಲಿನ ಹೆಸರೂ ಬರುತ್ತದೆ. ಬಹಮನಿ ಸುಲ್ತಾನ ಫಿರೋಜ್ ಶಾಹ ಮತ್ತು ವಿಜಯನಗರದ ಒಂದನೆಯ ದೇವರಾಯನ ನಡುವೆ 1406ರಲ್ಲಿ ನಡೆದ ಯುದ್ಧಕ್ಕೆ ಮುದಗಲ್ಲಿನ ಅಕ್ಕಸಾಲಿಗರ ಮಗಳೊಬ್ಬಳು ಕಾರಣಳಾದಳೆಂದು ಇತಿಹಾಸಕಾರ ಫೆರಿಷ್ತಾ ಬರೆದಿದ್ದಾನೆ. ಕಥೆ ಎಷ್ಟು ನಿಜವೋ, ಕೋಟೆಯ ಗೋಡೆಯ ಮೇಲೆ ನಿಂತು ನಾಲ್ಕು ದಿಕ್ಕು ನೋಡಿದರೆ ಈ ಊರು ಯಾಕೆ ಬೇಕಾಗಿತ್ತು ಎನ್ನುವುದಂತೂ ಅರ್ಥವಾಗುತ್ತದೆ. ಬಯಲು ಕಣ್ಣು ಹಾಯುವಷ್ಟು ದೂರ ಬಿಚ್ಚಿಕೊಂಡಿರುತ್ತದೆ, ಬರುವ ದಂಡು ಒಂದು ಹಗಲು ಮುಂಚೆಯೇ ಕಾಣುವಂತೆ.

ಫತೇ ದರವಾಜಾ, ಕಾಟಿ ದರವಾಜಾಗಳನ್ನು ನಿಧಾನವಾಗಿ ನೋಡಿ. ಬಾಗಿಲಿಗೆ ನೇರ ದಾರಿಯಿಲ್ಲದೆ ತಿರುವಿನಲ್ಲಿಟ್ಟಿರುವುದು ಆನೆ ಓಡಿಬಂದು ಗುದ್ದದಿರಲಿ ಎಂದು. ಸಹಜ ಬಂಡೆಯನ್ನೇ ಗೋಡೆಯಲ್ಲಿ ಸೇರಿಸಿಕೊಂಡಿರುವ ಕಡೆ ಕಟ್ಟಿದ್ದು ಯಾವುದು, ಇದ್ದದ್ದು ಯಾವುದು ಎಂದು ಹುಡುಕುವುದು ಮಕ್ಕಳಿಗೆ ಬಲು ಇಷ್ಟವಾಗುತ್ತದೆ. ಗೋಡೆಯ ಅಂಚು ಕೆಲವು ಕಡೆ ಸಡಿಲಾಗಿದೆ. ಮಕ್ಕಳ ಕೈ ಬಿಡಬೇಡಿ. ಮುಳ್ಳುಜಾಲಿ ಬೆಳೆದ ಕಡೆ ನುಗ್ಗದೆ ಜನ ನಡೆದ ಕಾಲುದಾರಿಯಲ್ಲೇ ಹೋದರೆ ಎರಡು ತಾಸು ಧಾರಾಳ ಸಾಕು.

ಮುದಗಲ್ ಎಂದರೆ ಹೊರಗಿನವರಿಗೆ ನೆನಪಾಗುವುದು ಮೊಹರಂ. ಹುಸೇನಿ ಆಲಂ ದರ್ಗಾದ ಆ ಹಬ್ಬಕ್ಕೆ ಜಾತಿ ಮತ ನೋಡದೆ ಜನ ಸೇರುತ್ತಾರೆ, ಆಂಧ್ರ, ತೆಲಂಗಾಣ, ಮಹಾರಾಷ್ಟ್ರದಿಂದಲೂ ಬರುತ್ತಾರೆ. ಚಾಂದ್ರಮಾನದ ಹಬ್ಬವಾದ್ದರಿಂದ ವರ್ಷಕ್ಕೆ ಸುಮಾರು 11 ದಿನ ಹಿಂದೆ ಸರಿಯುತ್ತದೆ. ಈಗಿನ ವರ್ಷಗಳಲ್ಲಿ ಅದು ಮುಂಗಾರಿನ ಆಸುಪಾಸಿಗೆ ಬರುತ್ತಿದೆ. ಹಾಗಾಗಿ ಚಳಿಗಾಲದಲ್ಲಿ ಬರುವವರಿಗೆ ಕೋಟೆ ಶಾಂತವಾಗಿ ಸಿಗುತ್ತದೆ, ಹಬ್ಬ ಸಿಗುವುದಿಲ್ಲ. ಹಬ್ಬವನ್ನೇ ನೋಡಬೇಕೆಂದರೆ ಕೋಟೆ ಹತ್ತುವ ಆಸೆಯನ್ನು ಬೇರೆ ದಿನಕ್ಕಿಡಿ.

ಪಿಕ್ಲಿಹಾಳ: ದಾರಿ ತೋರುವವರು ಬೇಕು

ಮುದಗಲ್ಲಿನ ದಕ್ಷಿಣಕ್ಕೆ ಕೆಲವೇ ಕಿ.ಮೀ. ದೂರದಲ್ಲಿ ಗುಂಡುಗಳು ಒಂದರ ಮೇಲೊಂದು ಏರಿ ಕುಳಿತ ಗುಡ್ಡಸಾಲು ಇದೆ. ನನ್ನ ಮಟ್ಟಿಗೆ ಈ ಸೀಮೆಯಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳ ಗುಡ್ಡ ಇದು. ಫ್ರಾಂಕ್ ರೇಮಂಡ್ ಆಲ್ಚಿನ್ ಎಂಬ ಪುರಾತತ್ವಜ್ಞರು 1950ರ ದಶಕದಲ್ಲಿ ಇಲ್ಲಿ ಅಗೆದು ನೋಡಿದರು. ಅವರ ವರದಿ 1960ರಲ್ಲಿ ಹೊರಬಂತು. ದನಕರು ಸಾಕಿಕೊಂಡು, ಉಜ್ಜಿ ನಯಗೊಳಿಸಿದ ಕಲ್ಲಿನ ಕೊಡಲಿ ಹಿಡಿದು ಬದುಕುತ್ತಿದ್ದ ನವಶಿಲಾಯುಗದ ಜನ ಈ ಬಂಡೆಗಳ ನಡುವೆ ಮನೆ ಮಾಡಿಕೊಂಡಿದ್ದರು. ನಾಲ್ಕು ಸಾವಿರ ವರ್ಷದ ಹಿಂದಿನ ಮಾತು. ಬಂಡೆಯ ಮೈಮೇಲೆ ಅವರು ಕುಟ್ಟಿ ಮೂಡಿಸಿದ ಗೂಳಿಗಳಿವೆ, ಕೆಮ್ಮಣ್ಣಿನ ಬಣ್ಣದ ಚಿತ್ರಗಳಿವೆ. ಉದ್ದ ಕೊಂಬಿನ, ಡುಬ್ಬ ಎದ್ದ ಆ ಗೂಳಿಯನ್ನು ನೋಡಿದ ಒಕ್ಕಲಿಗನಿಗೆ ಅದು ಯಾವ ತಳಿ ಎಂದು ಹೇಳುವ ಆಸೆಯಾಗದೆ ಇರದು.

ಇಲ್ಲಿ ಚಿತ್ರಗಳು ಒಂದೇ ಕಡೆ ಇಲ್ಲ. ಗುಡ್ಡದ ತುಂಬ ಹರಡಿವೆ. ನೆರಳು, ಬೆಳಕು ನೋಡಿಕೊಂಡು ಕಣ್ಣಿಗೆ ಬೀಳುತ್ತವೆ. ಕುಟ್ಟಿ ಮಾಡಿದ ಗೆರೆಗಳು ಓರೆ ಬಿಸಿಲಿನಲ್ಲಿ ಮಾತ್ರ ಎದ್ದುಕಾಣುವುದರಿಂದ ಬೆಳಿಗ್ಗೆ ಎಂಟರೊಳಗೆ ಇಲ್ಲವೆ ಸಂಜೆ ನಾಲ್ಕರ ಮೇಲೆ ಹೋಗಬೇಕು. ಊರಿನ ಹಿರಿಯರನ್ನೋ ಕುರಿ ಕಾಯುವವರನ್ನೋ ಕೇಳಿಕೊಂಡು ಜೊತೆಗೆ ಕರೆದುಕೊಂಡು ಹೋಗಿ. ಯಾವ ಸಂದಿನಲ್ಲಿ ನುಸುಳಬಹುದು, ಯಾವ ಗವಿಯಲ್ಲಿ ಹೆಜ್ಜೇನು ಕಟ್ಟಿದೆ ಎಂದು ಅವರಿಗೆ ಗೊತ್ತಿರುತ್ತದೆ. ಅರ್ಧ ದಿನ ಅವರ ಕೆಲಸ ಬಿಡಿಸಿದ್ದಕ್ಕೆ ಒಂದು ದಿನದ ಕೂಲಿಯನ್ನು ಕೊಡುವುದು ನ್ಯಾಯ. ಹೊರಡುವ ಮೊದಲೇ ಮಾತಾಡಿಕೊಳ್ಳಿ.

ಒಂದು ಮಾತನ್ನು ಕೈಮುಗಿದು ಹೇಳುತ್ತೇನೆ. ಚಿತ್ರ ಸ್ಪಷ್ಟವಾಗಿ ಕಾಣಲೆಂದು ಅದರ ಮೇಲೆ ನೀರು ಚೆಲ್ಲಬೇಡಿ, ಸೀಮೆಸುಣ್ಣದಲ್ಲಿ ಗೆರೆ ತಿದ್ದಬೇಡಿ, ಬೆರಳಿನಿಂದ ಸವರಬೇಡಿ. ಒಮ್ಮೆ ನೀರು ಹಾಕಿದರೆ ಆ ಕ್ಷಣಕ್ಕೆ ಬಣ್ಣ ಹೊಳೆಯುತ್ತದೆ, ಆದರೆ ನೀರಿನಲ್ಲಿ ಕರಗಿದ ಉಪ್ಪು ಆರಿದ ಮೇಲೆ ಬಿಳಿ ಪೊರೆಯಾಗಿ ಚಿತ್ರದ ಮೇಲೆ ಕೂರುತ್ತದೆ. ಗುಂಡಿನ ನೆರಳಿನಲ್ಲಿ ಒಲೆ ಹೂಡಿ ಅಡುಗೆ ಮಾಡಿದರೆ ಹೊಗೆಯ ಮಸಿ ಮೆತ್ತುತ್ತದೆ. ಎಣ್ಣೆಬಣ್ಣದಲ್ಲಿ ಹೆಸರು ಬರೆಯುವವರ ಬಗ್ಗೆ ಹೇಳುವುದೇ ಬೇಡ. ನಾಲ್ಕು ಸಾವಿರ ವರ್ಷ ಬಿಸಿಲು ಮಳೆ ತಾಳಿದ್ದು ನಮ್ಮ ಒಂದು ಭಾನುವಾರಕ್ಕೆ ಹಾಳಾಗಬಾರದು.

ಮಸ್ಕಿ: ಮಕ್ಕಳಿಗೂ ಮುದುಕರಿಗೂ

ಲಿಂಗಸುಗೂರಿನಿಂದ ಸಿಂಧನೂರಿಗೆ ಹೋಗುವ ರಸ್ತೆಯಲ್ಲೇ ಮಸ್ಕಿ. ಬಸ್ಸು ಧಾರಾಳ. ಊರಿಗೆ ಆತುಕೊಂಡಂತಿರುವ ಗುಡ್ಡದ ಮೇಲೆ ಮಲ್ಲಿಕಾರ್ಜುನನ ಗುಡಿ, ಹತ್ತಲು ಮೆಟ್ಟಿಲು. ಮಂಡಿನೋವಿನವರನ್ನೂ ಪುಟ್ಟ ಮಕ್ಕಳನ್ನೂ ಕರೆದೊಯ್ಯಬಹುದಾದ ಗುಡ್ಡ ಎಂದು ಯಾರಾದರೂ ಕೇಳಿದರೆ ನಾನು ಹೇಳುವುದು ಇದನ್ನೇ. ಸೋಮವಾರ ಭಕ್ತರು ಹೆಚ್ಚು. ನಿಮಗೆ ಬೇಕಾದದ್ದು ಗುಡ್ಡವಾದರೆ ಬೇರೆ ದಿನ ನೋಡಿಕೊಳ್ಳಿ.

ಗುಡಿಗೆ ಹೋಗಿಬಂದವರಲ್ಲಿ ಎಷ್ಟೋ ಮಂದಿ ಗುಡ್ಡದ ಮಗ್ಗುಲಿನ ಬಂಡೆಯ ಬಳಿ ನಿಲ್ಲದೆ ಹೊರಟುಬಿಡುತ್ತಾರೆ. ಅಲ್ಲಿರುವುದು ಅಶೋಕನ ಕಿರು ಶಿಲಾಶಾಸನ. ಚಿನ್ನದ ಗಣಿಯ ಎಂಜಿನಿಯರ್ ಸಿ. ಬೀಡನ್ ಎಂಬಾತ 1915ರಲ್ಲಿ ಅದನ್ನು ಕಂಡ. ಹೈದರಾಬಾದ್ ಸಂಸ್ಥಾನದ ಪುರಾತತ್ವ ಮಾಲೆಯ ಮೊದಲ ಪುಸ್ತಿಕೆಯಾಗಿ ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಪ್ರಕಟಿಸಿದರು. ಅಲ್ಲಿಯವರೆಗೆ ದೇಶದ ಬಂಡೆ, ಕಂಬಗಳ ಮೇಲೆ ಸಿಕ್ಕ ಶಾಸನಗಳಲ್ಲೆಲ್ಲ ದೇವಾನಾಂಪಿಯ, ಪಿಯದಸಿ ಎಂಬ ಬಿರುದುಗಳಷ್ಟೇ ಇದ್ದವು. ಆ ಅರಸ ಅಶೋಕನೇ ಎನ್ನುವುದಕ್ಕೆ ಸಿಂಹಳದ ಗ್ರಂಥಗಳ ಆಸರೆ ಬೇಕಾಗಿತ್ತು. ಮಸ್ಕಿಯ ಬಂಡೆ ಅಸೋಕ ಎಂಬ ಹೆಸರನ್ನೇ ಹೇಳಿತು. ಧರ್ಮದ ದಾರಿ ದೊಡ್ಡವರಿಗಷ್ಟೇ ಅಲ್ಲ, ಸಾಮಾನ್ಯರಿಗೂ ಎಟಕುವಂಥದ್ದು ಎಂಬ ಅರ್ಥದ ಮಾತೂ ಅದರಲ್ಲಿದೆ. ಶಾಲೆಯ ಪುಸ್ತಕದಲ್ಲಿ ಈ ಪಾಠ ಓದುವ ರಾಯಚೂರು ಜಿಲ್ಲೆಯ ಮಕ್ಕಳನ್ನು ಒಂದು ಸಲವಾದರೂ ಆ ಬಂಡೆಯ ಮುಂದೆ ನಿಲ್ಲಿಸಬೇಕು. ಶಿಕ್ಷಕರೇ, ಈ ವರ್ಷದ ಪ್ರವಾಸದ ಪಟ್ಟಿಯಲ್ಲಿ ಮೈಸೂರಿಗಿಂತ ಮೊದಲು ಮಸ್ಕಿಯನ್ನು ಬರೆಯಿರಿ. ಖರ್ಚೂ ಕಡಿಮೆ.

1021ರಲ್ಲಿ ಚೋಳರ ರಾಜೇಂದ್ರನಿಗೂ ಕಲ್ಯಾಣ ಚಾಲುಕ್ಯರ ಜಯಸಿಂಹನಿಗೂ ಯುದ್ಧ ನಡೆದ ಮುಸಂಗಿ ಇದೇ ಮಸ್ಕಿ ಎನ್ನುತ್ತಾರೆ ಇತಿಹಾಸಕಾರರು. 1954ರಲ್ಲಿ ನಡೆದ ಉತ್ಖನನದಲ್ಲಿ ನವಶಿಲಾಯುಗದಿಂದ ಹಿಡಿದು ಮಧ್ಯಯುಗದವರೆಗೆ ಜನ ಇಲ್ಲಿ ಬಾಳಿದ ಕುರುಹುಗಳು ಪದರಪದರವಾಗಿ ಸಿಕ್ಕವು.

ಊಟದ ಚಿಂತೆ ಬೇಡ. ಬೆಳಿಗ್ಗೆ ಮಂಡಾಳು ಒಗ್ಗರಣಿ, ಮಿರ್ಚಿ ಸಿಗದ ಬಸ್‌ನಿಲ್ದಾಣ ಈ ಸೀಮೆಯಲ್ಲಿಲ್ಲ. ಆದರೆ ಹತ್ತುವ ಮೊದಲು ಮಿರ್ಚಿ ಬೇಡ, ಇಳಿದ ಮೇಲೆ ತಿನ್ನಿ. ಎಣ್ಣೆಯಲ್ಲಿ ಕರಿದದ್ದು ತಿಂದು ಬಿಸಿಲಿಗೆ ಹತ್ತಿದರೆ ಬಾಯಾರಿಕೆ ಎರಡರಷ್ಟಾಗುತ್ತದೆ. ಕಟ್ಟಿಕೊಂಡು ಹೋಗಲು ಸಜ್ಜೆರೊಟ್ಟಿ, ಶೇಂಗಾಹಿಂಡಿ, ಗಟ್ಟಿಮೊಸರಿಗಿಂತ ಒಳ್ಳೆಯ ಬುತ್ತಿ ನನಗೆ ಗೊತ್ತಿಲ್ಲ.

ಜಲದುರ್ಗ: ಹೊಳೆ ಕೇಳಿ ಹೊರಡಿ

ಲಿಂಗಸುಗೂರು ತಾಲೂಕಿನ ಉತ್ತರದ ಅಂಚಿನಲ್ಲಿ ಕೃಷ್ಣೆ ಕವಲಾಗಿ ಹರಿದು ನಡುಗಡ್ಡೆ ಮಾಡಿದೆ. ಅದರ ಎತ್ತರದ ಬಂಡೆಯ ಮೇಲೆ ಜಲದುರ್ಗದ ಕೋಟೆ. ಹೊಳೆ ಇಲ್ಲಿ ಪ್ರಸ್ಥಭೂಮಿಯಿಂದ ರಾಯಚೂರು ಬಯಲಿಗೆ ಇಳಿಯುತ್ತದೆ. ಮೂರು ಮೈಲಿಯಲ್ಲಿ ನಾನೂರು ಅಡಿಯಷ್ಟು ಇಳಿಜಾರು ಎಂದು ಹಳೆಯ ಗೆಜೆಟಿಯರ್‌ಗಳು ಬರೆದಿವೆ. ಕೋಟೆಯ ತುದಿಯಲ್ಲಿ ನಿಂತರೆ ಕೆಳಗೆ ಕಡಿದಾದ ಗೋಡೆ, ಅದರ ಬುಡದಲ್ಲಿ ನೀರು. ತಪ್ಪಿತಸ್ಥರನ್ನು ಇಲ್ಲಿಂದಲೇ ನೂಕುತ್ತಿದ್ದರೆಂದು ಊರವರು ಹೇಳುತ್ತಾರೆ. ಕಟಕಟೆ ಇಲ್ಲದ ಅಂಚು ಅದು. ಸೆಲ್ಫಿಗೆಂದು ಒಂದು ಹೆಜ್ಜೆ ಹಿಂದೆ ಹಾಕುವ ಅಭ್ಯಾಸವನ್ನು ಮನೆಯಲ್ಲೇ ಬಿಟ್ಟುಬನ್ನಿ.

ಇಲ್ಲಿಗೆ ಹೋಗುವುದು ಯಾವಾಗ ಎಂಬುದನ್ನು ನೀವಲ್ಲ, ನಾರಾಯಣಪುರದ ಬಸವಸಾಗರ ಜಲಾಶಯ ತೀರ್ಮಾನಿಸುತ್ತದೆ. ಮಳೆಗಾಲದಲ್ಲಿ ಮಹಾರಾಷ್ಟ್ರದ ಘಟ್ಟದಲ್ಲಿ ಮಳೆ ಹೊಡೆದರೆ ಆಲಮಟ್ಟಿ ತುಂಬುತ್ತದೆ, ಅಲ್ಲಿಂದ ಬಿಟ್ಟ ನೀರು ನಾರಾಯಣಪುರಕ್ಕೆ ಬರುತ್ತದೆ. ಅಲ್ಲಿ ಗೇಟು ತೆರೆದರೆ ಶೀಲಹಳ್ಳಿಯ ಸೇತುವೆ ಮುಳುಗಿ ಜಲದುರ್ಗ, ಹಂಚಿನಾಳ, ಯರಗೋಡಿಯ ಕಡೆಯವರು ಸುತ್ತುಹಾಕಿ ಬರಬೇಕಾಗುತ್ತದೆ. ಜುಲೈಯಿಂದ ಅಕ್ಟೋಬರ್ ನಡುವಿನವರೆಗೆ ಈ ಗುಡ್ಡದ ಹೆಸರೇ ಎತ್ತಬೇಡಿ. ನವೆಂಬರ್ ಕೊನೆಯಿಂದ ಜನವರಿ ಮುಗಿಯುವವರೆಗೆ ಒಳ್ಳೆಯ ಕಾಲ. ಹೊಳೆಯಲ್ಲಿ ನೋಡುವಷ್ಟು ನೀರಿರುತ್ತದೆ, ಹೆದರಿಸುವಷ್ಟಲ್ಲ. ಹಾಗಿದ್ದರೂ ಹೊರಡುವ ದಿನ ಬೆಳಿಗ್ಗೆ ಲಿಂಗಸುಗೂರಿನಲ್ಲಿ ಒಂದು ಮಾತು ಕೇಳಿಕೊಂಡು ಹೋಗಿ. ಬೇಸಗೆಯಲ್ಲೂ ಕುಡಿಯುವ ನೀರಿಗೆಂದು ಒಮ್ಮೊಮ್ಮೆ ನೀರು ಬಿಡುವುದುಂಟು. ಆದ್ದರಿಂದ ಯಾವ ತಿಂಗಳಾದರೂ ಹೊಳೆಯ ಪಾತ್ರದೊಳಗಿನ ಬಂಡೆಗಳ ಮೇಲೆ ಮಲಗುವುದಾಗಲಿ ಈಜುವುದಾಗಲಿ ಬೇಡ. ನುಣುಪಾದ ಆ ಬಂಡೆಗಳ ನಡುವಿನ ಮಡುಗಳ ಆಳ ಮೇಲಿನಿಂದ ತಿಳಿಯುವುದಿಲ್ಲ.

ಸ್ವಂತ ಗಾಡಿ ಇದ್ದರೆ ಹೊಳೆ ದಾಟಿ ತಿಂಥಣಿಯ ಮೌನೇಶ್ವರನ ಗುಡಿಯನ್ನೂ ಸುರಪುರವನ್ನೂ ಸೇರಿಸಿ ಒಂದು ದಿನ ಮಾಡಿಕೊಳ್ಳಬಹುದು. ಸುರಪುರ ನಾಯಕರ ಊರು. 1858ರಲ್ಲಿ ರಾಜಾ ವೆಂಕಟಪ್ಪ ನಾಯಕ ಬ್ರಿಟಿಷರ ವಿರುದ್ಧ ತಿರುಗಿಬಿದ್ದದ್ದು ಇಲ್ಲಿಂದ. ಅಲ್ಲಿನ ಗುಡ್ಡದ ಮೇಲೆ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಕಟ್ಟಿಸಿಕೊಂಡ ಬಂಗಲೆ ಈಗಲೂ ಇದೆ.

ತುಂಗಭದ್ರೆಯ ಕಡೆಗೆ

ಇದೇ ಟೇಲರ್ ತನ್ನ ಯೌವನದಲ್ಲಿ, 1835ರ ಸುಮಾರಿಗೆ, ಗಂಗಾವತಿಯ ಬಳಿಯ ಹಿರೇಬೆಣಕಲ್ ಗುಡ್ಡದ ಮೇಲಿನ ಕಲ್ಲುಮನೆಗಳ ಬಗ್ಗೆ ಬರೆದ. ಊರವರು ಅದನ್ನು ಮೋರ್ಯರ ಗುಡ್ಡ ಎನ್ನುತ್ತಾರೆ. ಎರಡು ಸಾವಿರ ವರ್ಷಕ್ಕೂ ಹಿಂದಿನ, ಕಬ್ಬಿಣಯುಗದ ಜನ ಸತ್ತವರಿಗಾಗಿ ಚಪ್ಪಡಿ ನಿಲ್ಲಿಸಿ, ಮೇಲೊಂದು ಚಪ್ಪಡಿ ಹೊದಿಸಿ ಮಾಡಿದ ಮನೆಗಳು ನಾನೂರರಷ್ಟಿವೆ. ಕೆಲವು ಆಳೆತ್ತರಕ್ಕಿಂತ ಹೆಚ್ಚು. ಕೆಲವಕ್ಕೆ ದುಂಡನೆಯ ಕಿಂಡಿ. ದೊಡ್ಡ ಗುಂಡಿನ ಮೇಲೆ ಕುಳಿತ ಒಂದು ಕಲ್ಲಿಗೆ ಹೊಡೆದರೆ ನಗಾರಿಯಂತೆ ಮೊಳಗುತ್ತದೆ. 2021ರಲ್ಲಿ ಹಿರೇಬೆಣಕಲ್ ಯುನೆಸ್ಕೊ ವಿಶ್ವಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿತು. ಈ ಋತುವಿನಲ್ಲಿ ಒಂದೇ ಒಂದು ದೂರದ ಗುಡ್ಡಕ್ಕೆ ಹೋಗಲು ಸಾಧ್ಯ ಎನ್ನುವವರು ಇಲ್ಲಿಗೇ ಹೋಗಿ. ಊರಿನಿಂದ ಬಂಡೆಯ ಮೇಲಿನ ಕಾಲುದಾರಿ, ಹತ್ತಲು ಒಂದು ತಾಸು ಹಿಡಿಯುತ್ತದೆ. ದಾರಿ ತಪ್ಪುವುದು ಸುಲಭ, ನೀರು ಮಾರುವವರಿಲ್ಲ. ಕರಡಿ, ಚಿರತೆ ಓಡಾಡುವ ಸೀಮೆ. ಸೂರ್ಯ ಹುಟ್ಟಿದ ಮೇಲೆ ಹತ್ತಿ, ನಾಲ್ಕರೊಳಗೆ ಇಳಿಯಿರಿ, ನಾಲ್ಕೈದು ಜನರಾದರೂ ಇರಿ.

ಅಂಜನಾದ್ರಿಗೆ 575 ಮೆಟ್ಟಿಲು. ಶನಿವಾರ, ರಜಾದಿನ, ಡಿಸೆಂಬರಿನಲ್ಲಿ ಹನುಮಮಾಲೆ ಧರಿಸಿದವರು ಬರುವ ವಾರ: ಈ ಮೂರು ಬಿಟ್ಟು ಹೋದರೆ ಬತ್ತದ ಗದ್ದೆ, ಹೊಳೆ, ಹಂಪಿಯ ಬಂಡೆಗಳೆಲ್ಲ ಸಾವಕಾಶವಾಗಿ ಕಾಣುತ್ತವೆ. ಅದರ ಸುತ್ತಿನ ಆನೆಗುಂದಿ, ಸಾಣಾಪುರದ ಗುಂಡುಗಳು ಹಗ್ಗವಿಲ್ಲದೆ ಗುಂಡು ಹತ್ತುವ ಬೌಲ್ಡರಿಂಗ್ ಆಟಕ್ಕೆ ಜಗತ್ತಿನಲ್ಲೇ ಹೆಸರಾಗಿವೆ. ಅಮೆರಿಕದ ಕ್ರಿಸ್ ಶರ್ಮಾ ಇಲ್ಲಿಗೆ ಬಂದು ಹತ್ತಿದ ಚಿತ್ರ ಹೊರಬಂದ ಮೇಲೆ ಪ್ರತಿ ಚಳಿಗಾಲಕ್ಕೂ ಹೊರದೇಶದವರು ಬೆನ್ನಿಗೆ ಹಾಸಿಗೆ ಕಟ್ಟಿಕೊಂಡು ಬರುತ್ತಾರೆ. ಆ ದಪ್ಪ ಹಾಸಿಗೆ ಬಾಡಿಗೆಗೂ ಸಿಗುತ್ತದೆ. ಅದಿಲ್ಲದೆ ಹತ್ತಬೇಡಿ, ಆರಡಿಯಿಂದ ಬಿದ್ದರೂ ಹಿಮ್ಮಡಿ ಮುರಿಯುತ್ತದೆ. ಸಿಂಧನೂರು, ಗಂಗಾವತಿಯ ನಮ್ಮ ಹುಡುಗರು ಇದನ್ನು ಕಲಿತರೆ ಎಷ್ಟು ಚೆಂದ ಎಂದು ಅಲ್ಲಿಗೆ ಹೋದಾಗಲೆಲ್ಲ ಅನ್ನಿಸುತ್ತದೆ. ಮನೆ ಹಿತ್ತಲಿನಲ್ಲೇ ಇಂಥ ಗುಂಡುಗಳಿದ್ದು, ಸಮುದ್ರ ದಾಟಿ ಬಂದವರೇ ಅವುಗಳ ಸುಖ ಉಣ್ಣುತ್ತಿದ್ದಾರೆ.

ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡು ಒಂದೇ ಬೆಳಗಿನಲ್ಲಿ ಮುಗಿಯುತ್ತವೆ. ಎರಡರಲ್ಲೂ ಅಶೋಕನ ಶಾಸನಗಳಿವೆ. ಗವಿಮಠದ ಜಾತ್ರೆ ಜನವರಿಯಲ್ಲಿ, ಆಗ ಊರಿಗೆ ಊರೇ ತುಂಬಿರುತ್ತದೆ. ರಾಯಚೂರಿನ ಕೋಟೆಗುಡ್ಡ ರೈಲು ಹಿಡಿಯುವ ಮುನ್ನ ಎರಡು ತಾಸು ಬಿಡುವಿದ್ದವರಿಗೆ ಸರಿ. 1294ರಲ್ಲಿ ಗೋರೆ ಗನ್ನಯ್ಯ ರೆಡ್ಡಿ ಕಟ್ಟಿಸಿದ್ದೆಂದು ಹೇಳುವ ಶಾಸನ ಕೋಟೆಗೋಡೆಯ 41 ಅಡಿ ಉದ್ದದ ಒಂದೇ ಕಲ್ಲಿನ ಮೇಲಿದೆ.

ಜಾತ್ರೆಯ ಲೆಕ್ಕ

ಬನದ ಹುಣ್ಣಿಮೆಯ ದಿನ ಸಾಮಾನ್ಯವಾಗಿ ಜನವರಿಗೆ ಬೀಳುತ್ತದೆ. ಆ ವಾರ ಸಿಂಧನೂರು ತಾಲೂಕಿನ ಅಂಬಾಮಠದಲ್ಲಿ ಜಾತ್ರೆ; ಚಿದಾನಂದಾವಧೂತರ ನೆನಪಿನ ಸಿದ್ಧಪರ್ವತ ಅದು. ಅದೇ ಹುಣ್ಣಿಮೆಗೆ ಬಾದಾಮಿಯ ಬನಶಂಕರಿ ಜಾತ್ರೆಯೂ ಶುರು. ಅಂದರೆ ಈ ಕಡೆಯ ಬಸ್ಸೂ ತುಂಬಿರುತ್ತದೆ, ಆ ಕಡೆಯ ಖೋಲಿಯೂ ಸಿಗುವುದಿಲ್ಲ. ಜಾತ್ರೆಗೇ ಹೋಗುವವರಿಗೆ ನಾಟಕ ಕಂಪನಿಗಳ ರಾತ್ರಿಗಳಿವೆ, ಸಂತೋಷದಿಂದ ಹೋಗಿ. ಬಾದಾಮಿಯ ಬಂಡೆಗೆಂದು ಹೋಗುವವರು ಡಿಸೆಂಬರ್ ಮೊದಲರ್ಧ ಅಥವಾ ಫೆಬ್ರುವರಿ ಮೊದಲ ವಾರ ಹಿಡಿಯಿರಿ.

ಬಾದಾಮಿಯ ಕಲ್ಲು ನಮ್ಮ ಗ್ರಾನೈಟ್ ಅಲ್ಲ, ಕೆಂಪು ಮರಳುಗಲ್ಲು. ಹಿಡಿತ ಚೆನ್ನಾಗಿ ಸಿಗುತ್ತದೆ, ಹಗ್ಗ ಹಾಕಿ ಹತ್ತಲು ಬೋಲ್ಟು ಹೊಡೆದ ದಾರಿಗಳು ಬಹಳ ಇವೆ. ಮಳೆ ಬಂದ ಮರುದಿನ ಮಾತ್ರ ಹತ್ತಬಾರದು: ಒದ್ದೆ ಮರಳುಗಲ್ಲು ಮೆತ್ತಗಾಗಿ ಹಿಡಿಕೆ ಮುರಿದು ಕೈಗೆ ಬರುತ್ತದೆ. ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ ಇಲ್ಲಿ ಶಿಲಾರೋಹಣದ ತರಬೇತಿ ನಡೆಸುತ್ತದೆ. ಗುಹೆ, ಗುಡಿಗಳಿರುವ ರಕ್ಷಿತ ಬಂಡೆಗಳನ್ನು ಹತ್ತುವುದು ಕಾನೂನಿಗೆ ವಿರುದ್ಧ, ಅದನ್ನು ನೆನಪಿಟ್ಟುಕೊಳ್ಳಿ.

ಮುಳ್ಳಯ್ಯನಗಿರಿ, ಕುದುರೆಮುಖ, ಕುಮಾರಪರ್ವತ ಎಂದು ಕನಸು ಕಾಣುವವರು ಅರಣ್ಯ ಇಲಾಖೆಯ ಆನ್‌ಲೈನ್ ಟಿಕೆಟ್ ವ್ಯವಸ್ಥೆ ನೋಡಿಯೇ ರೈಲು ಹತ್ತಬೇಕು. ಕೆಲವು ದಾರಿಗಳಿಗೆ ದಿನಕ್ಕೆ ಇಷ್ಟೇ ಜನ ಎಂಬ ಮಿತಿಯಿದೆ, ಕಾಡ್ಗಿಚ್ಚಿನ ತಿಂಗಳುಗಳಲ್ಲಿ ಮುಚ್ಚುವುದೂ ಉಂಟು. ವಾರಾಂತ್ಯದ ಟಿಕೆಟ್ ಬೇಗ ಮುಗಿಯುತ್ತದೆ.

ಹೊರಡುವ ಮುನ್ನ

ಡಿಸೆಂಬರಿನಲ್ಲಿ ನಮ್ಮ ಕಡೆ ಬೆಳಕು ಹರಿಯುವುದು ಆರೂವರೆಗೆ, ಸಂಜೆ ಆರಕ್ಕೆಲ್ಲ ಹೊತ್ತು ಮುಳುಗಿರುತ್ತದೆ. ಆರೂವರೆಗೆ ಗುಡ್ಡದ ಬುಡದಲ್ಲಿದ್ದು ಹನ್ನೊಂದಕ್ಕೆ ಇಳಿದುಬಿಡುವುದು ನನ್ನ ಸಲಹೆ. ಒಬ್ಬರಿಗೆ ಮೂರು ಲೀಟರ್ ನೀರು, ಬೆರಳು ಮುಚ್ಚುವ ಬೂಟು, ತಲೆಗೊಂದು ಟವೆಲು, ಬ್ಯಾಟರಿ. ಬೋಳು ಬಂಡೆಯಲ್ಲಿ ಚಪ್ಪಲಿಗಿಂತ ಬರಿಗಾಲು ಮೇಲು ಎನ್ನುವ ಹಿರಿಯರ ಮಾತು ನಿಜ, ಆದರೆ ಬಂಡೆ ಮುಗಿದ ಕೂಡಲೇ ಮುಳ್ಳು ಶುರುವಾಗುತ್ತದೆ.

ಹೆಜ್ಜೇನಿನ ಗೂಡು ಕಂಡ ಕಡೆ ಅತ್ತರು ಹಚ್ಚಿಕೊಂಡು ಹೋಗಬೇಡಿ, ಬೀಡಿ ಹಚ್ಚಬೇಡಿ, ಕೂಗಾಡಬೇಡಿ. ಎದ್ದುಬಂದರೆ ಮುಖ ಮುಚ್ಚಿಕೊಂಡು ಓಡಿ ದೂರ ಹೋಗಬೇಕೇ ಹೊರತು ಕೈ ಬೀಸಿ ಹೊಡೆಯಬಾರದು. ಕಲ್ಲಿನ ಸಂದಿಗೆ ನೋಡದೆ ಕೈ ಹಾಕಬೇಡಿ. ಗರಗಸ ಮಂಡಲದ ಹಾವು ಚಿಕ್ಕದು, ಕಲ್ಲಿನ ಬಣ್ಣದ್ದೇ, ಮಲಗಿದ್ದರೆ ಕಾಣುವುದಿಲ್ಲ. ಕಚ್ಚಿದರೆ ಕೊಯ್ಯುವುದು, ಹೀರುವುದು, ಬಿಗಿದು ಕಟ್ಟುವುದು, ಮಂತ್ರ ಹಾಕಿಸುವುದು ಯಾವುದೂ ಬೇಡ. ಕಚ್ಚಿದ ಕೈಕಾಲು ಅಲುಗಿಸದೆ, ಉಂಗುರ, ಕಡಗ ತೆಗೆದು, 108ಕ್ಕೆ ಕರೆಮಾಡಿ ಲಿಂಗಸುಗೂರು ಅಥವಾ ಸಿಂಧನೂರಿನ ತಾಲೂಕು ಆಸ್ಪತ್ರೆಗೆ ಹೋಗಿ. ಗುಡ್ಡದ ಹಿಂದೆ ಮೊಬೈಲ್ ಸಿಗ್ನಲ್ ಸಿಗದೆ ಹೋಗಬಹುದಾದ್ದರಿಂದ ಎಲ್ಲಿಗೆ ಹೋಗುತ್ತೀರಿ, ಎಷ್ಟೊತ್ತಿಗೆ ಬರುತ್ತೀರಿ ಎಂದು ಮನೆಯಲ್ಲಿ ಹೇಳಿಯೇ ಹೊರಡಬೇಕು.

ದೂರದವರಿಗೆ ಬರುವ ದಾರಿ ಈಗ ಮೊದಲಿನಷ್ಟು ಕಷ್ಟವಿಲ್ಲ. ಸಿಂಧನೂರಿಗೆ 2024ರಲ್ಲಿ ರೈಲು ಬಂತು, ಕುಷ್ಟಗಿಗೆ 2025ರಲ್ಲಿ. ಎರಡೂ ಕಡೆಯಿಂದ ಮುದಗಲ್, ಮಸ್ಕಿಗೆ ಕಲ್ಯಾಣ ಕರ್ನಾಟಕ ಸಾರಿಗೆಯ ಬಸ್ಸುಗಳಿವೆ, ನಮ್ಮ ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆಯಲ್ಲಿ ಟಿಕೆಟ್ ಖರ್ಚೂ ಇಲ್ಲ. ಒಳ್ಳೆಯ ವಸತಿ ಬೇಕಾದವರು ಲಿಂಗಸುಗೂರು ಅಥವಾ ಸಿಂಧನೂರಿನಲ್ಲಿ ಉಳಿಯುವುದು ಮೇಲು.

ಇಷ್ಟೆಲ್ಲ ಓದಿಯೂ ನಿಜವಾದ ಹಿಮದ ಮೇಲೆ ಜಾರಬೇಕು ಎನ್ನುವ ಹುಡುಗ ಹುಡುಗಿಯರು ಇರುತ್ತೀರಿ. ಅದಕ್ಕೂ ದಾರಿಯಿದೆ. ಕಾಶ್ಮೀರದ ಗುಲ್ಮಾರ್ಗ್, ಉತ್ತರಾಖಂಡದ ಔಲಿ, ಮನಾಲಿಯ ಬಳಿಯ ಸೋಲಂಗ್ ಕಣಿವೆ, ಇವು ಮೂರು ಹೆಸರಾದ ಜಾಗಗಳು. ಜನವರಿಯಿಂದ ಮಾರ್ಚ್ ಮೊದಲ ವಾರಗಳವರೆಗೆ ಹಿಮ ಚೆನ್ನಾಗಿರುತ್ತದೆ. ಸುಮ್ಮನೆ ಪ್ರವಾಸಕ್ಕೆ ಹೋಗಿ ಒಂದು ತಾಸಿಗೆ ಸ್ಕೀ ಬಾಡಿಗೆ ಪಡೆಯುವುದಕ್ಕಿಂತ ಗುಲ್ಮಾರ್ಗ್‌ನ ಭಾರತೀಯ ಸ್ಕೀಯಿಂಗ್ ಮತ್ತು ಪರ್ವತಾರೋಹಣ ಸಂಸ್ಥೆಯಲ್ಲೋ ಮನಾಲಿಯ ಅಟಲ್ ಬಿಹಾರಿ ವಾಜಪೇಯಿ ಪರ್ವತಾರೋಹಣ ಸಂಸ್ಥೆಯಲ್ಲೋ ಕಲಿಕೆಯ ಶಿಬಿರಕ್ಕೆ ಸೇರುವುದು ಸರಿ. ವಸತಿ, ಊಟ, ಸಲಕರಣೆ ಎಲ್ಲ ಶಿಬಿರದ್ದೇ ಆಗಿರುವುದರಿಂದ ಖರ್ಚು ಹದದಲ್ಲಿರುತ್ತದೆ. ಸೀಟು ಬೇಗ ತುಂಬುತ್ತವೆ, ವೈದ್ಯಕೀಯ ಪ್ರಮಾಣಪತ್ರ ಕೇಳುತ್ತಾರೆ. ಹೋಗುವ ಮನಸ್ಸಿದ್ದರೆ ದೀಪಾವಳಿಗೆ ಮುಂಚೆಯೇ ಅವರ ವೇಳಾಪಟ್ಟಿ ನೋಡಿ ಅರ್ಜಿ ಹಾಕಿ, ಮೊಣಕಾಲಿನ ಬಲಕ್ಕೆ ವಾರಕ್ಕೆರಡು ಬೆಳಿಗ್ಗೆ ಹತ್ತಿರದ ಯಾವುದಾದರೂ ಗುಡ್ಡ ಹತ್ತಿ ಇಳಿಯಿರಿ.